ದೂರದಲ್ಲಿದ್ದು ಕೂಡಿ ನುಡಿಸುವವರು

ಒಂದೇ ಒರಳಿನ ಸುತ್ತ ಇಬ್ಬರು ಹೆಂಗಸರು ನಿಂತು ಒನಕೆಗಳಿಂದ ಭತ್ತ ಕುಟ್ಟುವುದನ್ನು ನಮ್ಮ ವಾಚಕರಲ್ಲಿ ವಯಸ್ಸಾದವರು ಕಂಡಿರಬಹುದು. ಒಬ್ಬಳ ಒನಕೆ ಮೇಲಕ್ಕೇಳುವಾಗ ಇನ್ನೊಬ್ಬಳದು ಕೆಳಕ್ಕಿಳಿಯುವುದು. ಅವರು ಎಣಿಸುವುದಿಲ್ಲ, ಒಬ್ಬರ ಕೈಯನ್ನೊಬ್ಬರು ನೋಡುವುದೂ ಇಲ್ಲ. ಮನೆವಾರ್ತೆಯ ಮಾತನ್ನಾಡುತ್ತಲೇ ಕೆಲಸ ಸಾಗುವುದು. ಒಬ್ಬಳು ರೆಪ್ಪೆ ಬಡಿಯುವಷ್ಟು ಹೊತ್ತು ತಡಮಾಡಿದಳೆಂದರೆ ಒನಕೆಗೆ ಒನಕೆ ತಾಗಿ ಭತ್ತವು ಹೊರಕ್ಕೆ ಚೆಲ್ಲುವುದು. ಕೂಡಿ ನುಡಿಸುವ ಸಂಗೀತವೂ ಇದೇ ಜಾತಿಯದು. ಹೀಗಿರಲು, ಒಂದು ಒನಕೆಯು ಐರ್ಲೆಂಡಿನಲ್ಲಿಯೂ ಮತ್ತೊಂದು ಅಮೆರಿಕದಲ್ಲಿಯೂ ಇದ್ದು, ನಡುವೆ ಅಟ್ಲಾಂಟಿಕ್ ಮಹಾಸಾಗರವೇ ಬಿದ್ದುಕೊಂಡಿದ್ದರೆ ಏನಾದೀತು? ೨೦೨೦ನೆಯ ಇಸವಿಯಲ್ಲಿ ಕೋವಿಡ್ ಮಹಾಮಾರಿಯು ಲೋಕವನ್ನೆಲ್ಲ ಮನೆಯೊಳಗೆ ಕೂಡಿಹಾಕಿದಾಗ ಐರ್ಲೆಂಡು ಸ್ಕಾಟ್ಲೆಂಡುಗಳ ಜಾನಪದ ವಾದಕರು ಈ ಪ್ರಶ್ನೆಯನ್ನು ನಿಜವಾಗಿಯೇ ಎದುರಿಸಬೇಕಾಯಿತು. ಅದಕ್ಕೆ ಅವರು ಕಂಡುಕೊಂಡ ಉತ್ತರಗಳು ವಿನೋದಕರವಾಗಿಯೂ ವಿಚಾರಾರ್ಹವಾಗಿಯೂ ಇರುವುದರಿಂದ ಅವುಗಳನ್ನು ವಾಚಕರ ಮುಂದಿಡಲು ಉದ್ದೇಶಿಸಿದ್ದೇವೆ.

ಮೊದಲು ಹೆಸರಿನ ವಿಚಾರ. ಕೆಲ್ಟಿಕ್ ಎಂಬುದು ಮುಖ್ಯವಾಗಿ ಒಂದು ಭಾಷಾವರ್ಗದ ಹೆಸರು. ಐರಿಷ್, ಸ್ಕಾಟ್ಲೆಂಡಿನ ಗೇಲಿಕ್, ವೇಲ್ಸ್ ಪ್ರಾಂತದ ವೆಲ್ಷ್, ಫ್ರಾನ್ಸಿನ ಪಶ್ಚಿಮದ ತುದಿಯಲ್ಲಿರುವ ಬ್ರೆಟನ್ ಮೊದಲಾದುವು ಈ ವರ್ಗಕ್ಕೆ ಸೇರಿದ ಭಾಷೆಗಳು. ಇವು ನಮ್ಮ ಸಂಸ್ಕೃತಕ್ಕೆ ದೂರದ ದಾಯಾದಿಗಳೆಂಬುದು ಭಾಷಾಶಾಸ್ತ್ರಜ್ಞರಿಗೆಲ್ಲ ಸಮ್ಮತವಾದ ಮಾತು. ಐರಿಷಿನಲ್ಲಿ ಮೂರಕ್ಕೆ ‘ತ್ರೀ’ ಎನ್ನುವರು. ಹಳೆಯ ಐರಿಷಿನಲ್ಲಿ ಅರಸನು ‘ರೀ’, ತಾಯಿಯು ‘ಮಾಥಿರ್’, ಸೋದರನು ‘ಬ್ರಾಥಿರ್’. ತ್ರಿ, ರಾಜನ್, ಮಾತೃ, ಭ್ರಾತೃ ಎಂದು ಬಾಲ್ಯದಲ್ಲಿ ಶಬ್ದಗಳನ್ನು ಉರುಹೊಡೆದ ನಮ್ಮಂಥವರಿಗೆ ಇವು ಕಿವಿಗೆ ಬಿದ್ದಾಗ, ಪರದೇಶದ ಸಂತೆಯಲ್ಲಿ ನಮ್ಮೂರಿನವನೊಬ್ಬನು ಎದುರಾದಷ್ಟು ಸಂತೋಷವಾಗುವುದು. ಆದರೆ ಈ ಹೆಸರನ್ನು ಸಂಗೀತಕ್ಕೆ ಅಂಟಿಸುವುದರಲ್ಲಿ ವ್ಯಾಪಾರಿಗಳಿಗಿರುವ ಉತ್ಸಾಹವು ವಾದಕರಿಗೆ ಇಲ್ಲ. ಐರ್ಲೆಂಡಿನ ಪಿಟೀಲುಗಾರನು ತಾನು ನುಡಿಸುವುದು ಐರಿಷ್ ಸಂಗೀತವೆಂದೇ ಹೇಳುವನು. ಸ್ಕಾಟ್ಲೆಂಡಿನವನು ತನ್ನದು ಸ್ಕಾಟಿಷ್ ಎನ್ನುವನು. ಕೆಲ್ಟಿಕ್ ಎಂಬುದು ಅಂಗಡಿಯವರು ಹಚ್ಚಿದ ಚೀಟಿ. ನಾವಾದರೂ ಮಾತಿನ ಅನುಕೂಲಕ್ಕಾಗಿ ಮಾತ್ರ ಅದನ್ನು ಬಳಸುತ್ತೇವೆ.

ಇವರ ಕೂಟಕ್ಕೆ ‘ಸೆಷನ್’ ಎಂದು ಹೆಸರು. ಇದು ಕಚೇರಿಯಲ್ಲ, ವೇದಿಕೆಯಿಲ್ಲ, ಟಿಕೆಟ್ಟಿಲ್ಲ, ಪಟ್ಟಿಯಿಲ್ಲ. ಊರಿನ ಪಾನಗೃಹದ ಮೂಲೆಯಲ್ಲಿ ಒಂದು ಮೇಜಿನ ಸುತ್ತ ಐದಾರು ಮಂದಿ ಒಬ್ಬರಿಗೊಬ್ಬರು ಮುಖಮಾಡಿ ಕುಳಿತುಕೊಳ್ಳುವರು. ಕೇಳಬಂದವರಿಗೆ ಅವರ ಬೆನ್ನೇ ಗತಿ. (ಪಾನಗೃಹವೆಂದೊಡನೆ ನಮ್ಮ ಗೃಹಿಣಿಯರು ಹುಬ್ಬುಗಂಟಿಕ್ಕಬಾರದು. ಆ ದೇಶದಲ್ಲಿ ಅಜ್ಜಿ ಮೊಮ್ಮಕ್ಕಳೂ ಅಲ್ಲಿಗೆ ಹೋಗಿ ಚಹಾ ಕುಡಿದು ಬರುವುದುಂಟು.) ಪಿಟೀಲು, ಮರದ ಕೊಳಲು, ತಗಡಿನ ಸಣ್ಣ ಕೊಳಲು, ನಮ್ಮ ಹಾರ್ಮೋನಿಯಮ್ಮಿಗೆ ದೂರದ ಬಂಧುವಾದ ಕಾನ್ಸರ್ಟಿನಾ, ಬೌರಾನ್ ಎಂಬ ಮೇಕೆಚರ್ಮದ ತಮಟೆ ಇವು ಮುಖ್ಯ ವಾದ್ಯಗಳು. ಇವೆಲ್ಲಕ್ಕಿಂತ ವಿಚಿತ್ರವಾದುದು ಇಲ್ಲನ್ ಪೈಪು. ಇದಕ್ಕೆ ಬಾಯಿಂದ ಊದುವುದಿಲ್ಲ. ಮೊಣಕೈಯ ಕೆಳಗೆ ಕಟ್ಟಿಕೊಂಡ ತಿತ್ತಿಯನ್ನು ಒತ್ತುತ್ತ ಗಾಳಿಯನ್ನು ತುಂಬುವರು. ಕೆಲವು ಕೊಳವೆಗಳು ನಮ್ಮ ಶ್ರುತಿಪೆಟ್ಟಿಗೆಯಂತೆ ಸದಾ ಒಂದೇ ನಾದವನ್ನು ಕೊಡುತ್ತಿರುವುವು. ಈ ವಾದನಕಲೆಯನ್ನು ೨೦೧೭ರಲ್ಲಿ ಯುನೆಸ್ಕೋ ಸಂಸ್ಥೆಯು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಯಾರೋ ಒಬ್ಬರು ಒಂದು ಮಟ್ಟನ್ನು ಎತ್ತಿಕೊಳ್ಳುವರು; ಬಲ್ಲವರು ಕೂಡಿಕೊಳ್ಳುವರು; ಬಾರದವರು ವಾದ್ಯವನ್ನು ತೊಡೆಯ ಮೇಲಿರಿಸಿ ಕೇಳುವರು. ಮಟ್ಟುಗಳೆಲ್ಲ ಕುಣಿತಕ್ಕಾಗಿ ಹುಟ್ಟಿದವು. ರೀಲ್ ಎಂಬುದು ನಮ್ಮ ಚತುರಶ್ರಗತಿಯಂತೆ ನಾಲ್ಕುನಾಲ್ಕಾಗಿ ಓಡುವುದು. ಜಿಗ್ ಎಂಬುದು ತಿಸ್ರಗತಿಯಂತೆ ಮೂರುಮೂರಾಗಿ ನೆಗೆಯುವುದು. ಎಂಟೆಂಟು ಆವರ್ತಗಳ ಎರಡು ಭಾಗಗಳು, ಒಂದೊಂದನ್ನು ಎರಡೆರಡು ಸಲ. ಒಟ್ಟು ೩೨ ಆವರ್ತಗಳಾದರೆ ಒಂದು ಸುತ್ತು ಮುಗಿಯಿತು. ಮೂರು ಸುತ್ತು ನುಡಿಸಿ, ನಿಲ್ಲಿಸದೆ, ಮತ್ತೊಂದು ಮಟ್ಟಿಗೆ ಹೊರಳುವರು. ಎಲ್ಲರೂ ನುಡಿಸುವುದು ಒಂದೇ ಮಟ್ಟು; ಆದರೆ ಒಬ್ಬೊಬ್ಬರು ಬೆರಳು ಹೊರಳಿಸುವ ರೀತಿ ಬೇರೆ. ಈ ಐಕ್ಯ, ಈ ಭೇದ, ಇವೆರಡೂ ಒಟ್ಟಿಗೆ ಕಿವಿಗೆ ಬೀಳುವುದರಲ್ಲಿಯೇ ಅದರ ರುಚಿಯಿರುವುದು. ಹೊಸಬನು ಪುಸ್ತಕ ನೋಡಿ ಕಲಿಯುವುದಕ್ಕಿಂತ ಹಿರಿಯರ ಪಕ್ಕದಲ್ಲಿ ಕುಳಿತು ಕಿವಿಯಿಂದ ಕಲಿಯುವುದೇ ಲೇಸೆಂದು ಅವರ ಸಂಪ್ರದಾಯ. ಗುರುಮುಖದಿಂದ ಬಾರದ ವಿದ್ಯೆಯನ್ನು ನಮ್ಮವರೂ ಅಷ್ಟಾಗಿ ನಂಬಿದವರಲ್ಲ.

ಮನೆಗಳ ಅಡಿಗೆಕೋಣೆಗಳಲ್ಲಿ ಕುಣಿತಕ್ಕೆಂದು ನುಡಿಸುತ್ತಿದ್ದ ಈ ಸಂಗೀತವು ಪಾನಗೃಹದ ಮೇಜಿಗೆ ಬಂದುದು ಬಹು ಹಿಂದಿನ ಕಾಲದಲ್ಲಿಯೂ ಅಲ್ಲ, ಐರ್ಲೆಂಡಿನಲ್ಲಿಯೂ ಅಲ್ಲ. ೧೯೩೫ರಲ್ಲಿ ಆ ದೇಶದ ಸರ್ಕಾರವು ಕುಣಿತದ ಕೂಟಗಳಿಗೆ ಪರವಾನಗಿ ಬೇಕೆಂದು ಕಾನೂನು ಮಾಡಿದುದರಿಂದ ಮನೆಗಳ ಕುಣಿತಗಳು ಕುಗ್ಗಿದುವು. ಎರಡನೆಯ ಮಹಾಯುದ್ಧದ ಅನಂತರ ಕೂಲಿಗಾಗಿ ಲಂಡನ್ನಿಗೆ ಹೋದ ಐರಿಷರು, ಬಾಡಿಗೆಯ ಇಕ್ಕಟ್ಟಾದ ಕೋಣೆಗಳಲ್ಲಿ ನುಡಿಸಲು ಎಡೆಯಿಲ್ಲದೆ, ಪಾನಗೃಹಗಳಲ್ಲಿ ಕೂಡತೊಡಗಿದರು. ಆದುದರಿಂದ ನಾವು ಇಂದು ಅಪ್ಪಟ ಹಳ್ಳಿಯದೆಂದು ತಿಳಿಯುವ ಸೆಷನ್ನಿನಲ್ಲಿ ಊರುಬಿಟ್ಟವರ ಪಾಲು ದೊಡ್ಡದು.

ಹಾಗೆ ನೋಡಿದರೆ ಈ ಸಂಗೀತದ ಚರಿತ್ರೆಯೇ ದೂರದ ಚರಿತ್ರೆ. ೧೮೪೫ರಿಂದ ೧೮೫೨ರವರೆಗೆ ಐರ್ಲೆಂಡಿನಲ್ಲಿ ಆಲೂಗೆಡ್ಡೆಯ ಬೆಳೆ ಕೊಳೆತು ಘೋರವಾದ ಕ್ಷಾಮವುಂಟಾಯಿತು. ಸುಮಾರು ಹತ್ತು ಲಕ್ಷ ಮಂದಿ ಸತ್ತರು. ಅದಕ್ಕೆ ಕಡಮೆಯಿಲ್ಲದಷ್ಟು ಮಂದಿ ಹಡಗನ್ನೇರಿ ದೇಶಬಿಟ್ಟರು. ಅವರಲ್ಲಿ ಬಹುಮಂದಿಗೆ ಕೊಂಡೊಯ್ಯಲು ಇದ್ದ ಆಸ್ತಿ ಗಂಟಲಿನಲ್ಲಿಯೂ ಬೆರಳಿನಲ್ಲಿಯೂ ಇದ್ದ ಮಟ್ಟುಗಳಷ್ಟೆ. ಕ್ಷಾಮದ ನಡುವೆ, ೧೮೪೮ರಲ್ಲಿ, ಕಾರ್ಕ್ ಜಿಲ್ಲೆಯ ಹಳ್ಳಿಯೊಂದರಲ್ಲಿ ಹುಟ್ಟಿದ ಫ್ರಾನ್ಸಿಸ್ ಓನೀಲ್ ಎಂಬಾತನು ಹುಡುಗನಾಗಿದ್ದಾಗಲೇ ನಾವಿಕನಾಗಿ ಹೊರಟು, ಒಮ್ಮೆ ಹಡಗೊಡೆದು ಬದುಕುಳಿದು, ಕೊನೆಗೆ ಷಿಕಾಗೋ ನಗರದ ಪೋಲೀಸಿಗೆ ಸೇರಿ ೧೯೦೧ರಲ್ಲಿ ಅದರ ಮುಖ್ಯಾಧಿಕಾರಿಯಾದನು. ಆ ನಗರದಲ್ಲಿ ಐರ್ಲೆಂಡಿನ ಎಲ್ಲ ಜಿಲ್ಲೆಗಳ ಜನರೂ ಇದ್ದರು. ಅವರಿಂದ ಮಟ್ಟುಗಳನ್ನು ಕೇಳಿ ಮನಸ್ಸಿನಲ್ಲಿಟ್ಟುಕೊಳ್ಳುವ ಶಕ್ತಿ ಈತನಿಗೆ ಅಸಾಧಾರಣವಾಗಿತ್ತು. ಆದರೆ ಸ್ವರಲಿಪಿಯಲ್ಲಿ ಬರೆಯಲು ಬರುತ್ತಿರಲಿಲ್ಲ. ಅದೇ ಮನೆತನದ ಹೆಸರಿನ, ಆದರೆ ಬಂಧುವಲ್ಲದ, ಜೇಮ್ಸ್ ಓನೀಲ್ ಎಂಬ ಪೋಲೀಸಿನವನು ಕೇಳಿ ಬರೆದುಕೊಂಡನು. ಹೀಗೆ ೧೯೦೩ರಲ್ಲಿ ೧,೮೫೦ ಮಟ್ಟುಗಳ ಮಹಾಗ್ರಂಥವು ಹೊರಬಂದಿತು. ಐರ್ಲೆಂಡಿನಲ್ಲಿಯೇ ಮರೆತುಹೋಗುತ್ತಿದ್ದುದು ಸಾಗರದಾಚೆಯಿಂದ ಅಚ್ಚಾಗಿ ಹಿಂದಿರುಗಿತು. ಕಳ್ಳರನ್ನು ಹಿಡಿಯುವ ಇಲಾಖೆಯು ಇಷ್ಟು ಒಳ್ಳೆಯದನ್ನು ಹಿಡಿದಿಟ್ಟ ನಿದರ್ಶನವನ್ನು ನಾವು ಬೇರೆ ಕೇಳಿಲ್ಲ.

ಇದಾದ ಮೇಲೆ ಬಂದುದು ಗ್ರಾಮಫೋನು. ಸ್ಲೈಗೋ ಜಿಲ್ಲೆಯ ಮೈಕೇಲ್ ಕೋಲ್ಮನ್ ೧೯೧೪ರಲ್ಲಿ ಅಮೆರಿಕಕ್ಕೆ ಹೋಗಿ, ೧೯೨೦ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ತಟ್ಟೆಗಳಿಗೆ ಪಿಟೀಲು ನುಡಿಸಿದನು. ಬಂಧುಗಳು ಆ ತಟ್ಟೆಗಳನ್ನು ಊರಿಗೆ ಕಳುಹಿಸಿದರು. ಹಳ್ಳಿಯ ಪಿಟೀಲುಗಾರರು ಅವನ್ನು ಮತ್ತೆಮತ್ತೆ ಹಾಕಿ, ಕೋಲ್ಮನ್ನನ ಬಿಲ್ಲಿನ ಒಂದೊಂದು ಎಳೆತವನ್ನೂ ಕಲಿತರು. ಲಾಭವೇನೋ ದೊಡ್ಡದು, ಆದರೆ ಬೇರೆ ಬೇರೆ ಜಿಲ್ಲೆಗಳಲ್ಲಿದ್ದ ಬೇರೆ ಬೇರೆ ಬಾನಿಗಳು ಸ್ಲೈಗೋ ಬಾನಿಯ ಮುಂದೆ ಮಂಕಾದುವು. ದೂರದ ನಾದವು ಮನೆಗೆ ಬರುವಾಗ ಬರಿಗೈಯಲ್ಲಿ ಬರುವುದಿಲ್ಲ, ಹೋಗುವಾಗಲೂ ಬರಿಗೈಯಲ್ಲಿ ಹೋಗುವುದಿಲ್ಲ. ಮುಂದೆ ಹೇಳುವ ವಿಷಯದಲ್ಲಿ ಇದನ್ನು ನೆನಪಿಡಬೇಕು.

ಅಂತರಜಾಲವು ಬಂದ ಹೊಸತರಲ್ಲಿ, ೧೯೯೩ರಲ್ಲಿ, ಕ್ರಿಸ್ ವಾಲ್ಷಾ ಎಂಬ ಇಂಗ್ಲೆಂಡಿನ ಗಣಿತಜ್ಞರು ಮಟ್ಟುಗಳನ್ನು ಬರಿಯ ಅಕ್ಷರಗಳಿಂದ ಬರೆಯುವ ಒಂದು ಕ್ರಮವನ್ನು ಗಣಕಯಂತ್ರಕ್ಕೆ ಹೊಂದಿಸಿ ಪ್ರಕಟಿಸಿದರು. ಪಾಶ್ಚಾತ್ಯ ಸ್ವರಗಳಿಗೆ ಎ, ಬಿ, ಸಿ ಎಂದು ಹೆಸರುಗಳಿವೆಯಷ್ಟೆ. ಐದು ಗೆರೆಗಳನ್ನು ಎಳೆದು ಚುಕ್ಕೆಗಳನ್ನಿಡುವ ಬದಲು ಆ ಅಕ್ಷರಗಳನ್ನೇ ಸಾಲಾಗಿ ಬರೆದುಬಿಡುವುದು. ನಮ್ಮ ಮಕ್ಕಳು ಸರಿಗಮ ಎಂದು ನೋಟುಪುಸ್ತಕದಲ್ಲಿ ಬರೆದುಕೊಳ್ಳುವುದಕ್ಕೂ ಇದಕ್ಕೂ ತತ್ತ್ವದಲ್ಲಿ ಭೇದವಿಲ್ಲ. ಹೀಗಾದುದರಿಂದ ಒಂದು ಮಟ್ಟು ಪೋಸ್ಟುಕಾರ್ಡಿನ ಒಂದು ಮೂಲೆಯಲ್ಲಿ ಹಿಡಿಯುವಷ್ಟು ಸಣ್ಣದಾಗಿ, ವಿದ್ಯುತ್ತಿನ ಅಂಚೆಯಲ್ಲಿ ಲೋಕವನ್ನೆಲ್ಲ ಸುತ್ತಿತು. ಆದರೆ ಕಳುಹಿಸಿದುದು ಮಟ್ಟಿನ ಅಸ್ಥಿಪಂಜರ ಮಾತ್ರ. ಒಟ್ಟಿಗೆ ನುಡಿಸುವುದು ಬೇರೆಯೇ ಮಾತು.

೨೦೨೦ರ ಮಾರ್ಚಿ ೧೫ರಂದು ಐರ್ಲೆಂಡಿನ ಪಾನಗೃಹಗಳನ್ನು ಮುಚ್ಚಬೇಕೆಂದು ಸರ್ಕಾರವು ಕೇಳಿಕೊಂಡಿತು. ಇನ್ನೆರಡು ದಿನಗಳಲ್ಲಿ ಸಂತ ಪ್ಯಾಟ್ರಿಕ್ಕನ ಹಬ್ಬ. ವರ್ಷದಲ್ಲೆಲ್ಲ ಸಂಗೀತವು ಅತಿಶಯವಾಗಿ ಹರಿಯುವ ದಿನ. ಕ್ಲೇರ್ ಜಿಲ್ಲೆಯ ಮಿಲ್‌ಟೌನ್ ಮಾಲ್ಬೇ ಎಂಬ ಸಣ್ಣ ಊರಿನಲ್ಲಿ ೧೯೭೩ರಿಂದ ಪ್ರತಿ ಜುಲೈ ತಿಂಗಳಲ್ಲಿ ಪೈಪುವಾದಕ ವಿಲ್ಲಿ ಕ್ಲ್ಯಾನ್ಸಿಯ ಹೆಸರಿನಲ್ಲಿ ನಡೆಯುತ್ತಿದ್ದ ಬೇಸಗೆಯ ಶಾಲೆಯೂ ಆ ವರ್ಷ ಊರಿನಲ್ಲಿ ಕೂಡಲಿಲ್ಲ. ಗ್ಲಾಸ್ಗೋ ನಗರದ ಕೆಲ್ಟಿಕ್ ಕನೆಕ್ಷನ್ಸ್ ಎಂಬ ಉತ್ಸವವು ೨೦೨೧ರ ಜನವರಿಯಲ್ಲಿ ಬರಿಯ ತೆರೆಯ ಮೇಲೆ ನಡೆಯಿತು. ವೇದಿಕೆಯ ಕಲಾವಿದರಿಗಾದರೆ ಇದು ಜೀವನೋಪಾಯದ ನಷ್ಟ. ಮೇಜಿನ ಸುತ್ತ ಕೂಡುತ್ತಿದ್ದ ಸಾಮಾನ್ಯ ವಾದಕನಿಗೆ ಹಣದ ನಷ್ಟವಿಲ್ಲ. ಆದರೆ ನಲವತ್ತು ವರ್ಷ ಪ್ರತಿ ಗುರುವಾರ ರಾತ್ರಿ ಪಿಟೀಲಿನ ಪೆಟ್ಟಿಗೆಯನ್ನು ಹಿಡಿದು ಹೊರಡುತ್ತಿದ್ದ ಮುದುಕನೊಬ್ಬನು ಆ ಗುರುವಾರ ಎಲ್ಲಿಗೆ ಹೋಗಬೇಕು? ಹೆಂಡತಿ ತೀರಿಕೊಂಡು ಮಕ್ಕಳು ಪರದೇಶದಲ್ಲಿರುವ ಮನೆಯಲ್ಲಿ ಒಬ್ಬನೇ ನುಡಿಸಿದರೆ ಅದು ಅಭ್ಯಾಸವಾದೀತೇ ಹೊರತು ಸಂಗೀತವಾಗದು.

ಆದುದರಿಂದ ಎಲ್ಲರೂ ಗಣಕಯಂತ್ರದ ಮುಂದೆ ಕುಳಿತರು. ಕುಳಿತೊಡನೆ ಒನಕೆಗೆ ಒನಕೆ ತಾಗಿತು. ಇದರ ಕಾರಣವನ್ನು ಸ್ವಲ್ಪ ವಿವರಿಸಬೇಕು. ಶಬ್ದವು ಕಿವಿಯನ್ನು ಸೇರುವ ಬಗೆಗೆ ನಮ್ಮ ನೈಯಾಯಿಕರು ಎರಡು ದೃಷ್ಟಾಂತಗಳನ್ನು ಕೊಟ್ಟಿರುವರು. ಒಂದು ಅಲೆಯಿಂದ ಮತ್ತೊಂದು ಅಲೆ ಹುಟ್ಟುತ್ತ ಬರುವಂತೆ ಎಂಬುದು ವೀಚೀತರಂಗನ್ಯಾಯ. ಕದಂಬದ ಮೊಗ್ಗಿನ ಕೇಸರಗಳಂತೆ ಎಲ್ಲ ದಿಕ್ಕಿಗೂ ಹೊಮ್ಮುವುದೆಂಬುದು ಕದಂಬಮುಕುಲನ್ಯಾಯ. ಹೇಗಾದರೂ ಆಗಲಿ, ಶಬ್ದವು ಹುಟ್ಟಿದ ಕ್ಷಣವೂ ಕೇಳಿದ ಕ್ಷಣವೂ ಒಂದೇ ಅಲ್ಲ. ಗಾಳಿಯಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು ೩೪೦ ಮೀಟರು. ಒಂದು ಸೆಕೆಂಡನ್ನು ಸಾವಿರ ಭಾಗ ಮಾಡಿದರೆ ಒಂದೊಂದಕ್ಕೆ ಮಿಲಿಸೆಕೆಂಡೆಂದು ಹೆಸರು; ಎದುರಿನ ಕುರ್ಚಿಯಲ್ಲಿ ಒಂದು ಮೀಟರು ದೂರದಲ್ಲಿರುವವನ ನಾದವು ನಮಗೆ ಮೂರು ಮಿಲಿಸೆಕೆಂಡು ತಡವಾಗಿ ಮುಟ್ಟುವುದು. ಇದು ಯಾರಿಗೂ ತಿಳಿಯದು. ಸುಮಾರು ಇಪ್ಪತ್ತೈದು ಮಿಲಿಸೆಕೆಂಡಿನವರೆಗೆ, ಎಂದರೆ ಇಬ್ಬರು ಎಂಟು ಮೀಟರು ಅಂತರದಲ್ಲಿ, ಹಳೆಯ ಮನೆಯ ಪಡಸಾಲೆಯ ಎರಡು ತುದಿಗಳಲ್ಲಿ ಕುಳಿತಂತೆ ಇರುವವರೆಗೆ, ಕೂಡಿ ನುಡಿಸಬಹುದು. ಅದನ್ನು ಮೀರಿದರೆ ಕಷ್ಟ. ರೀಲ್ ಎಂಬುದರಲ್ಲಿ ನಿಮಿಷಕ್ಕೆ ಸುಮಾರು ೪೫೦ ಸ್ವರಗಳು ಓಡುವುವು. ಒಂದು ಸ್ವರದ ಆಯುಸ್ಸು ೧೩೩ ಮಿಲಿಸೆಕೆಂಡು. ಮುಖ ನೋಡಿ ಮಾತನಾಡಲೆಂದು ಮಾಡಿದ ಸಾಧಾರಣ ಯಂತ್ರಸೌಕರ್ಯಗಳಲ್ಲಿ ನೂರಿನ್ನೂರು ಮಿಲಿಸೆಕೆಂಡು ತಡವಾಗುವುದು ಸಾಮಾನ್ಯ. ಆಗ ಜೊತೆಗಾರನು ಒಂದು ಸ್ವರದಷ್ಟು ಹಿಂದೆಯೇ ಉಳಿದನು.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಕ್ರಿಸ್ ಚೇಫ್ ಎಂಬವರು ಇಬ್ಬಿಬ್ಬರನ್ನು ಬೇರೆ ಬೇರೆ ಕೋಣೆಗಳಲ್ಲಿ ಕೂರಿಸಿ, ಒಬ್ಬರ ಚಪ್ಪಾಳೆಯನ್ನು ಮತ್ತೊಬ್ಬರಿಗೆ ಬೇಕೆಂದೇ ತಡಮಾಡಿ ಕೇಳಿಸಿ ಪರೀಕ್ಷಿಸಿದರು. ತಡ ಹೆಚ್ಚಿದಂತೆ ತಾಳವು ತಾನಾಗಿ ನಿಧಾನವಾಗುತ್ತ ಹೋಯಿತು. ಇದು ಸ್ವಾಭಾವಿಕ. ಬಾಗಿಲಲ್ಲಿ ಎದುರಾದ ಇಬ್ಬರು ಸಂಭಾವಿತರು ‘ಮೊದಲು ತಾವು’, ‘ಇಲ್ಲ, ತಾವು’ ಎನ್ನುತ್ತ ನಿಂತಲ್ಲಿಯೇ ನಿಲ್ಲುವಂತೆ, ಒಬ್ಬರಿಗಾಗಿ ಒಬ್ಬರು ಕಾಯುವರು. ವಿಚಿತ್ರವೇನೆಂದರೆ, ತಡವು ಹತ್ತು ಮಿಲಿಸೆಕೆಂಡಿಗಿಂತ ತೀರ ಕಡಮೆಯಾದಾಗ ತಾಳವು ಓಡತೊಡಗುವುದಂತೆ! ಸಂಗೀತಶಾಸ್ತ್ರದ ವಿಳಂಬಕಾಲವೇ ಬೇರೆ, ಈ ವಿಳಂಬವೇ ಬೇರೆ. ಆದರೆ ಇದು ಅದಕ್ಕೇ ಎಳೆದುಕೊಂಡು ಹೋಗುವುದು.

ಈ ವಿಳಂಬವನ್ನು ಪೂರ್ತಿಯಾಗಿ ಗೆಲ್ಲಲು ಯಾರಿಂದಲೂ ಆಗದು. ಗಾಜಿನ ತಂತಿಯೊಳಗೆ ಬೆಳಕು ಹೋಗುವ ವೇಗ ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರು. ಸಾವಿರ ಕಿಲೋಮೀಟರಿಗೆ ಐದು ಮಿಲಿಸೆಕೆಂಡು. ಡಬ್ಲಿನ್ನಿಗೂ ಗ್ಲಾಸ್ಗೋ ನಗರಕ್ಕೂ ಇರುವ ದೂರ ಲೆಕ್ಕಕ್ಕಿಲ್ಲ. ಆದರೆ ಡಬ್ಲಿನ್ನಿನಿಂದ ಬಾಸ್ಟನ್ನಿಗೆ ಸುಮಾರು ೪,೮೦೦ ಕಿಲೋಮೀಟರು. ತಂತಿಯು ನೇರವಾಗಿದ್ದು, ಯಂತ್ರಗಳೆಲ್ಲ ಕ್ಷಣಮಾತ್ರವೂ ತಡೆಯದಿದ್ದರೂ, ಇಪ್ಪತ್ತನಾಲ್ಕು ಮಿಲಿಸೆಕೆಂಡು ಸಾಗರಕ್ಕೇ ಸಲ್ಲುವುದು. ನಮ್ಮ ಬೆಂಗಳೂರಿನಿಂದ ಡಬ್ಲಿನ್ನಿಗಾದರೆ ನಲವತ್ತೆರಡು. ಇದು ಸೃಷ್ಟಿಯ ಸುಂಕ. ಯಾವ ಅಧಿಕಾರಿಯಿಂದಲೂ ವಿನಾಯಿತಿ ದೊರೆಯದು.

ಹಾಗಾದರೆ ಏನು ಮಾಡಿದರು? ಹತ್ತಿರದ ಊರುಗಳವರು ಉಪಾಯದಿಂದ ವಿಳಂಬವನ್ನು ಕಿರಿದುಮಾಡಿದರು. ವೋಲ್ಕರ್ ಫಿಷರ್ ಎಂಬ ಜರ್ಮನಿಯವರು ೨೦೦೬ರ ಸುಮಾರಿಗೆ ತೊಡಗಿ ರಚಿಸಿದ ಜಾಮ್ಯುಲಸ್ ಎಂಬ ಧರ್ಮಾರ್ಥವಾದ ಸೌಕರ್ಯವೊಂದಿತ್ತು. ಅದರಲ್ಲಿ ಎಲ್ಲರ ನಾದವೂ ಒಂದು ನಡುವಣ ಯಂತ್ರಕ್ಕೆ ಹೋಗಿ, ಅಲ್ಲಿ ಬೆರೆತು, ಎಲ್ಲರಿಗೂ ಹಿಂದಿರುಗುವುದು. ನಾದವನ್ನು ಬಹು ಸಣ್ಣಸಣ್ಣ ತುಂಡುಗಳಾಗಿ ಕಳುಹಿಸುವರು. ಒಂದು ತುಂಡು ಕಳೆದುಹೋದರೆ ಅದಕ್ಕಾಗಿ ಕಾಯದೆ ಮುಂದಕ್ಕೆ ಸಾಗುವುದು. ಮುಖವು ಕಾಣದು. ನುಡಿಸುವವನು ತನ್ನ ಕೈಯ ಪಿಟೀಲನ್ನು ನೇರವಾಗಿ ಕೇಳದೆ, ಸುತ್ತಿಬಂದ ನಾದವನ್ನೇ ಕೇಳಿ ನುಡಿಸಬೇಕೆಂಬುದು ಅದರ ನಿಯಮ. ತನ್ನನ್ನೇ ಸ್ವಲ್ಪ ದೂರದಿಂದ ಕೇಳಿಕೊಳ್ಳುವ ಈ ಅಭ್ಯಾಸವು ಎಲ್ಲರಿಗೂ ಒಗ್ಗುವಂಥದಲ್ಲ. ನಿಂಜಾಮ್ ಎಂಬ ಮತ್ತೊಂದು ಸೌಕರ್ಯವು ೨೦೦೫ರಷ್ಟು ಹಿಂದೆಯೇ ವಿಳಂಬಕ್ಕೆ ಶರಣಾಗಿ, ಅದನ್ನು ಪೂರ್ತಿ ಒಂದು ಆವರ್ತದಷ್ಟು ಹಿಗ್ಗಿಸಿಬಿಟ್ಟಿತ್ತು: ಜೊತೆಗಾರನು ಹಿಂದಿನ ಸುತ್ತಿನಲ್ಲಿ ನುಡಿಸಿದುದು ಈ ಸುತ್ತಿನಲ್ಲಿ ಕೇಳಿಸುವುದು. ಒಂದೇ ಸ್ವರಮೇಳವನ್ನು ತಿರುತಿರುಗಿಸುವ ಸಂಗೀತಕ್ಕೆ ಇದು ಸರಿಹೋದೀತು. ಎಲ್ಲರೂ ಒಂದೇ ಮಟ್ಟನ್ನು ಒಂದೇ ಕ್ಷಣದಲ್ಲಿ ನುಡಿಸಬೇಕಾದ ರೀಲಿಗೆ ಸಲ್ಲದು.

ಸಾಗರವು ನಡುವಿದ್ದವರು ಮಾಡಿಕೊಂಡುದು ಇನ್ನೂ ಸರಳ. ತೆರೆಯ ಮೇಲೆ ಇಪ್ಪತ್ತು ಮುಖಗಳು ಕಾಣುವುವು. ಒಬ್ಬನು ನುಡಿಸುವನು. ಉಳಿದ ಹತ್ತೊಂಬತ್ತು ಮಂದಿಯೂ ತಮ್ಮ ಕಡೆಯ ಧ್ವನಿಯನ್ನು ಮುಚ್ಚಿಕೊಂಡು, ಅವನನ್ನು ಕೇಳುತ್ತ ತಮ್ಮತಮ್ಮ ಮನೆಗಳಲ್ಲಿ ಜೊತೆಗೂಡಿ ನುಡಿಸುವರು. ಒಬ್ಬೊಬ್ಬನಿಗೂ ಇಬ್ಬರ ಸಂಗೀತ ಕೇಳಿಸುವುದು: ಮುಂದಾಳಿನದು, ತನ್ನದು. ಮುಂದಾಳಿಗೋ ತನ್ನ ನಾದವಲ್ಲದೆ ಬೇರೇನೂ ಕೇಳಿಸದು. ಹತ್ತೊಂಬತ್ತು ಬಿಲ್ಲುಗಳು ನಿಶ್ಶಬ್ದವಾಗಿ ಆಡುವುದನ್ನು ನೋಡುತ್ತ ಅವನು ನುಡಿಸಬೇಕು. ಮಟ್ಟು ಮುಗಿದೊಡನೆ ಸರದಿ ಮತ್ತೊಬ್ಬರಿಗೆ. ಇದರಲ್ಲಿ ಇನ್ನೊಂದು ತೊಡಕು. ಮಾತಿಗೆಂದು ಮಾಡಿದ ಯಂತ್ರವು ನಿಲ್ಲದೆ ಬರುವ ನಾದವನ್ನು ಬೀಸಣಿಗೆಯ ಸದ್ದೆಂದು ತಿಳಿದು ಒರಸಿಹಾಕುವುದು. ಪೈಪಿನ ಶ್ರುತಿ, ತಮಟೆಯ ಬಡಿತ ಎಲ್ಲವೂ ಅದಕ್ಕೆ ಕಸವೇ. ಈ ಶುದ್ಧೀಕರಣವನ್ನು ನಿಲ್ಲಿಸುವ ಉಪಾಯವನ್ನು ಎಲ್ಲರೂ ಕಲಿಯಬೇಕಾಯಿತು.

ಬೇರೆ ಬೇರೆಯಾಗಿ ಧ್ವನಿಮುದ್ರಿಸಿ ಒಬ್ಬರು ಹೊಲಿದು ಒಂದು ಮಾಡುವ ಕ್ರಮವೂ ಉಂಟು. ಅದು ನೋಡಲು ಅಂದವಾಗಿದ್ದು, ಲೋಕಪ್ರಿಯವೂ ಆಯಿತು. ಸ್ಕಾಟ್ಲೆಂಡಿನ ನೇಥನ್ ಎವನ್ಸ್ ಎಂಬ ಅಂಚೆಯವರು ೨೦೨೦ರ ಕೊನೆಯಲ್ಲಿ ಹಾಡಿದ ನಾವಿಕರ ಹಾಡೊಂದಕ್ಕೆ ಕಾಣದವರೆಲ್ಲ ಒಬ್ಬರ ಮೇಲೊಬ್ಬರಂತೆ ದನಿಗೂಡಿಸಿ, ಅದು ಬ್ರಿಟನ್ನಿನ ಪಟ್ಟಿಗಳಲ್ಲಿ ಮೊದಲ ಸ್ಥಾನಕ್ಕೇರಿತು. ಹಾಡು ಮಾತ್ರ ನ್ಯೂಜಿಲೆಂಡಿನದು. ನಮ್ಮ ಮಟ್ಟಿಗೆ ಹೇಳುವುದಾದರೆ, ಹೀಗೆ ಹೊಲಿದುದರಲ್ಲಿ ತಪ್ಪೂ ಇಲ್ಲ, ಕೂಟವೂ ಇಲ್ಲ. ಮೊದಲು ಹಾಡಿದವನು ಅನಂತರ ಸೇರಿದವನಿಗಾಗಿ ಒಂದು ಎಳೆಯನ್ನೂ ಬದಲಿಸಲಾರನು.

ಮುಖಾಮುಖಿಯ ಮೇಜಿಗೆ ಇವಾವುವೂ ಸಮವಲ್ಲವೆಂದು ವಾದಕರೇ ಒಪ್ಪುವರು. ಆದರೂ ಇವನ್ನು ಅಲ್ಲಗಳೆಯಲು ನಮ್ಮ ಮನಸ್ಸು ಒಪ್ಪದು. ಹತ್ತಿರದಲ್ಲೆಲ್ಲೂ ಸೆಷನ್ ಇಲ್ಲದ ಊರಿನಲ್ಲಿ ಒಬ್ಬಂಟಿಯಾಗಿ ಕಲಿಯುತ್ತಿದ್ದವರು, ಹಾಸಿಗೆ ಹಿಡಿದವರು, ಹತ್ತು ಮಂದಿಯ ಮುಂದೆ ನುಡಿಸಲು ನಾಚುವ ಹೊಸಬರು, ಇವರಿಗೆಲ್ಲ ಮೊದಲ ಬಾರಿಗೆ ಮೇಜಿನ ಬಳಿ ಒಂದು ಕುರ್ಚಿ ದೊರೆಯಿತು. ಧ್ವನಿ ಮುಚ್ಚಿಕೊಂಡು ತಪ್ಪುತಪ್ಪಾಗಿ ನುಡಿಸಿದರೆ ಯಾರಿಗೂ ಕೇಳಿಸದೆಂಬ ಧೈರ್ಯವೂ ಸಣ್ಣದಲ್ಲ. ಕೆಡುಕೂ ಅಲ್ಲಿಯೇ ಇದೆ. ಮೇಜಿನಲ್ಲಿ ಪಕ್ಕದವನ ಹುಬ್ಬು ಒಂದಿಷ್ಟು ಎದ್ದರೆ ತಪ್ಪು ತಿದ್ದಿಹೋಗುವುದು. ತೆರೆಯ ಮುಂದೆ ತಪ್ಪು ವರ್ಷಗಟ್ಟಲೆ ಗಟ್ಟಿಯಾಗುವುದು. ಕೋಲ್ಮನ್ನನ ತಟ್ಟೆಗಳ ಹಾಗೆ ಒಬ್ಬ ಮುಂದಾಳಿನ ಬಾನಿಯೇ ಇಪ್ಪತ್ತು ದೇಶಗಳಲ್ಲಿ ಅಚ್ಚಾಗುವ ಭಯವೂ ಇಲ್ಲದಿಲ್ಲ.

ನಮ್ಮ ದೇಶದಲ್ಲಿಯೂ ಇಂಥದು ಮನೆಮಾತಾಗಿದೆ. ನಮ್ಮ ನೆರೆಯಲ್ಲಿರುವ ವಿದ್ವಾಂಸರೊಬ್ಬರು ಬೆಳಗಿನ ಐದೂವರೆಗೆ ಪಿಟೀಲನ್ನು ಶ್ರುತಿಮಾಡಿ ಕುಳಿತುಕೊಳ್ಳುವರು. ಅಮೆರಿಕದಲ್ಲಿ ಆಗ ರಾತ್ರಿ ಎಂಟು ಗಂಟೆ, ಊಟ ಮುಗಿಸಿದ ಕನ್ನಡದ ಹುಡುಗಿಯೊಬ್ಬಳು ಪಾಠಕ್ಕೆ ಬರುವಳು. ಗುರುಗಳು ಒಂದು ಸಂಗತಿಯನ್ನು ನುಡಿಸಿ ನಿಲ್ಲಿಸುವರು. ಶಿಷ್ಯೆಯು ಅದನ್ನು ಹಿಂದಿರುಗಿಸುವಳು. ಒಟ್ಟಿಗೆ ನುಡಿಸಲು ಹೋದರೆ ತಾಳ ಕೈಕೊಡುವುದು. ತಂಬೂರಿಯ ನಾದವನ್ನು ಯಂತ್ರವು ನುಂಗುವುದರಿಂದ ಎರಡೂ ಕಡೆ ಬೇರೆ ಬೇರೆ ಶ್ರುತಿಪೆಟ್ಟಿಗೆಗಳನ್ನು ಇಟ್ಟುಕೊಂಡಿರುವರು. ‘ಪಾಠ ಹೇಳಬಹುದು ಸ್ವಾಮಿ, ಪಕ್ಕವಾದ್ಯ ನುಡಿಸಲಾರೆ’ ಎಂದು ಅವರು ನಮ್ಮೊಡನೆ ಹೇಳಿದುದರಲ್ಲಿ ಮೇಲಿನ ವಿಜ್ಞಾನವೆಲ್ಲ ಅಡಗಿದೆ.

ಐರಿಷ್ ಮಟ್ಟುಗಳಿಗೂ ನಮ್ಮ ಕರ್ಣಾಟಕ ಸಂಗೀತಕ್ಕೂ ಒಂದು ಹಳೆಯ ನಂಟಿರುವುದನ್ನು ಇಲ್ಲಿ ಹೇಳದೆ ಬಿಡಲಾರೆವು. ಮುತ್ತುಸ್ವಾಮಿ ದೀಕ್ಷಿತರು (ಕಾಲವಾದುದು ೧೮೩೫) ಮದರಾಸಿನ ಕಡೆ ಆಂಗ್ಲರ ವಾದ್ಯಮೇಳಗಳಲ್ಲಿ ಕೇಳಿದ ಮಟ್ಟುಗಳಿಗೆ ಸಂಸ್ಕೃತದಲ್ಲಿ ಸಾಹಿತ್ಯವನ್ನು ರಚಿಸಿದರು; ಇವೇ ಶಂಕರಾಭರಣದ ನೊಟ್ಟುಸ್ವರಗಳು. ಇವರ ತಮ್ಮಂದಿರಾದ ಬಾಲುಸ್ವಾಮಿ ದೀಕ್ಷಿತರೇ ಪಿಟೀಲನ್ನು ನಮ್ಮ ಸಂಗೀತಕ್ಕೆ ಒಗ್ಗಿಸಿದವರಲ್ಲಿ ಅಗ್ರಗಣ್ಯರು. ನೊಟ್ಟುಸ್ವರಗಳಲ್ಲಿ ‘ವಂದೇ ಮೀನಾಕ್ಷಿ’ ಎಂಬುದರ ಮಟ್ಟು ‘ರೇಕ್ಸ್ ಆಫ್ ಮ್ಯಾಲೋ’ ಎಂಬ ಐರಿಷ್ ಕುಣಿತದ ಮಟ್ಟು. ಮ್ಯಾಲೋ ಎಂಬುದು ಓನೀಲನ ಕಾರ್ಕ್ ಜಿಲ್ಲೆಯದೇ ಊರು. ಅಲ್ಲಿನ ಪೋಲಿ ಶ್ರೀಮಂತರ ಹೆಸರಿನ ಮಟ್ಟು ತಿಂಗಳುಗಟ್ಟಲೆ ಹಡಗಿನಲ್ಲಿ ಬಂದು ಮಧುರೆಯ ದೇವಿಯ ಸ್ತೋತ್ರವಾಯಿತು.

ಮಕ್ಕಳು ಪರದೇಶಗಳಲ್ಲಿರುವ ಮನೆಯವರು ಈ ದೂರಮೇಳವನ್ನು ಪರೀಕ್ಷಿಸಲು ಬಯಸಿದರೆ ಈ ಮಟ್ಟೇ ಸುಲಭವಾದುದು. ಸರಳ, ಗಮಕವಿಲ್ಲ, ಮಕ್ಕಳಿಗೂ ಬರುವುದು. ಗಾಳಿಯಲ್ಲಿ ಬರುವ ಸಂಪರ್ಕಕ್ಕಿಂತ ತಂತಿಯ ಸಂಪರ್ಕವು ಮೇಲು. ಎರಡೂ ಕಡೆ ಕಿವಿಗೆ ಹೆಡ್‌ಫೋನನ್ನು ಹಾಕಿಕೊಳ್ಳಬೇಕು, ಇಲ್ಲವಾದರೆ ನಾದವು ಸುತ್ತಿ ಸುತ್ತಿ ಅರಚುವುದು. ಒಬ್ಬರು ಮುಂದಾಳಾಗಲಿ, ಉಳಿದವರು ಧ್ವನಿಯನ್ನು ಮುಚ್ಚಿಕೊಂಡು ಅನುಸರಿಸಲಿ. ಮುಂದಿನ ಸುತ್ತಿಗೆ ಸರದಿ ಬದಲಾಗಲಿ. ಮೊದಲ ದಿನ ಮುಂದಾಳಿನ ಸ್ಥಾನವನ್ನು ಮನೆಯಲ್ಲಿ ಅತ್ಯಂತ ಕಿರಿಯರಿಗೆ ಕೊಟ್ಟರೆ ಒಳ್ಳೆಯದು. ಅಜ್ಜಂದಿರಿಗೆ ಹಿಂದಿನಿಂದ ಅನುಸರಿಸುವುದು ಅಷ್ಟು ಸುಲಭವಲ್ಲ.